ದೇವರ ಜಾಡಿಯ ಓಕ್ಸೊಸ್

"ಇನ್ನೆಷ್ಟು ಹೊತ್ತು ಮೂಸ್ತೀರಿ ಬೀಗಿತ್ತಿ? ಒಳಗೆ ಬಿದ್ದು ಗಿದ್ದೀರಿ, ಆಮೇಲೆ ಹಗ್ಗ ಹುಡುಕೋರು ಯಾರು?"

"ನೀವೊಂದು ನಾಲ್ಕು ಹೆಜ್ಜೆ ಆಚೆ ನಿಲ್ಲಿ ಬೀಗರೇ. ನಿಮ್ಮ ಬಾಯಿಯ ಬೆಳ್ಳುಳ್ಳಿ ಅಡ್ಡ ಬರ್ತಿದೆ."

ಅಂಗಳದಲ್ಲಿ ನೆರೆದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೆಗೆಮೋನ್ ನಗಲಿಲ್ಲ. ಆದರೂ ನಾಲ್ಕು ಹೆಜ್ಜೆ ಆಚೆ ನಿಂತ.

ಲಿಸಿಲ್ಲ ಮಂಡಿಯೂರಿ, ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದ ಜಾಡಿಯ ಬಾಯಿಗೆ ಮತ್ತೆ ಮೂಗು ತಂದಳು. ಪಕ್ಕದಲ್ಲಿ ಎರಡನೆಯ ಜಾಡಿ ಇನ್ನೂ ಮುದ್ರೆ ಒಡೆಯದೆ ಕೂತಿತ್ತು. ಗೋಡೆಯಾಚೆಯ ಬಾದಾಮಿ ಮರ ಹೂಬಿಟ್ಟು ಬೆಳ್ಳಗೆ ನಿಂತಿತ್ತು. ಬೀದಿಯಲ್ಲಿ ಯಾರೋ ಕೊಳಲೂದುತ್ತಿದ್ದರು, ಇನ್ಯಾರೋ ಅದಕ್ಕೆ ತಪ್ಪು ತಪ್ಪಾಗಿ ಹಾಡುತ್ತಿದ್ದರು. ಅಥೆನ್ಸ್‌ಗೆ ಅಥೆನ್ಸೇ ಹೊಸ ದ್ರಾಕ್ಷಾರಸದ ಜಾಡಿ ತೆರೆಯುವ ದಿನ ಅದು.

ಆ ಬೆಳಗ್ಗೆ ಹೆಗೆಮೋನನ ಮನೆಯ ದೇವರ ಜಾಡಿಯಿಂದ ಮಾತ್ರ ದ್ರಾಕ್ಷಾರಸದ ಬದಲು ಓಕ್ಸೊಸ್ ಬಂದಿತ್ತು. ಮುಖ ಕಿವುಚುವಂಥ, ಬೇಳೆಗೂ ಮೀನಿಗೂ ನಾಲ್ಕು ಹನಿ ಚಿಮುಕಿಸಿಕೊಳ್ಳುವಂಥ, ದ್ರಾಕ್ಷಾರಸವೇ ಹುಳಿತು ಆಗುವ ಹುಳಿ. ಊರಿನಲ್ಲಿ ಓಕ್ಸೊಸ್ ಮಾರುವವರು ಹತ್ತಾರು ಜನ ಇದ್ದರು. ಈ ಮನೆಗೆ ಹೆಣ್ಣು ಕೊಡಲಿದ್ದವಳು ಮಾತ್ರ ಲಿಸಿಲ್ಲ ಒಬ್ಬಳೇ.

"ಬಿಸಿಲು ಬಾವಿಕಟ್ಟೆ ಮುಟ್ಟಿದಾಗ ದೇವರ ಹೂಜಿ ಜೌಗುನೆಲದ ದಿಯೊನಿಸೋಸನ ದೇಗುಲಕ್ಕೆ ಹೊರಡಬೇಕು," ಎಂದಿದ್ದ ಹೆಗೆಮೋನ್. "ಅಷ್ಟರೊಳಗೆ ಇದು ಯಾರ ಕೆಲಸ ಅಂತ ತೋರಿಸಿ. ಇಲ್ಲದಿದ್ರೆ ನಿಮ್ಮ ಫನೊಗೂ ನನ್ನ ಮಗನಿಗೂ ಮದುವೆಯಿಲ್ಲ. ಜಾಡಿ ಮುಚ್ಚಿದ್ದಾಗ ಹುಳಿ ಮಾರೋರು ಅಂಗಳ ತುಳೀಬಾರದು ಅನ್ನೋದು ಗೊತ್ತಿದ್ದೂ ಗೊತ್ತಿದ್ದೂ ನೀವು ಬಂದ್ರಿ."

ಬಂದದ್ದು ನಿಜ. ಹದಿನೈದು ದಿನದ ಹಿಂದೆ, ಮದುವೆಯ ಮಾತಿಗೆ. ಬರಿಗೈಲಿ ಹೇಗೆ ಹೋಗುವುದೆಂದು ಒಂದು ಪುಟ್ಟ ಕುಡಿಕೆ ಓಕ್ಸೊಸ್ ಹಿಡಿದುಕೊಂಡೇ ಬಂದಿದ್ದಳು.

ಬಿಸಿಲು ಈಗ ಬಾವಿಕಟ್ಟೆಗೆ ಮೂರು ಮೊಳ ದೂರದಲ್ಲಿತ್ತು.

ಅಂಗಳದ ಇನ್ನೊಂದು ತುದಿಯಲ್ಲಿ ಫನೊ ಹಬ್ಬದ ರೂಢಿಯಂತೆ ಮೂರು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ತಲೆಗೆ ಹೂವಿನ ಕಿರೀಟ ಕಟ್ಟುತ್ತಿದ್ದಳು. ಒಂದು ಮಗು ಕಿರೀಟ ಕಿತ್ತು ತಿನ್ನತೊಡಗಿತ್ತು. ಮದುವೆ ಮುರಿದುಬೀಳುವ ಹೊತ್ತಿನಲ್ಲಿ ಹುಡುಗಿಯೊಬ್ಬಳು ಹಾಗೆ ಗುನುಗುತ್ತ ಕೂರಬಹುದೇ ಎಂದು ಲಿಸಿಲ್ಲಳಿಗೆ ಅನಿಸಿತು. ಅನಿಸಿದ್ದನ್ನು ಅಲ್ಲೇ ಬಿಟ್ಟಳು. ಈಗ ಮೂಗಿನ ಕೆಲಸ.

ಅವಳ ಅಜ್ಜಿಯ ಕಥೆಯಲ್ಲಿ ದಿಯೊನಿಸೋಸ ದೇವರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ದ್ರಾಕ್ಷಾರಸ, ಅವಳಿಗೆ ಎಲ್ಲರ ಮನೆಯಿಂದಲೂ ಕರೆ. ಕಿರಿಯಳು ಓಕ್ಸೊಸ್, ಅವಳಿಗೆ ಅಡುಗೆಮನೆಯ ಹಿಂಬಾಗಿಲು. ಆದರೆ ಹಿರಿಯಳು ನಗುನಗುತ್ತಲೇ ಸುಳ್ಳು ಹೇಳುತ್ತಾಳೆ. ಕಿರಿಯಳಿಗೆ ಸುಳ್ಳು ಬರುವುದೇ ಇಲ್ಲ. ತಾನು ಎಲ್ಲಿಂದ ಬಂದೆ, ಯಾರ ಜೊತೆ ಇದ್ದೆ ಎನ್ನುವುದನ್ನು ಮೊದಲ ಹನಿಗೇ ನಾಲಿಗೆಯ ಮೇಲೆ ಒದರಿಬಿಡುತ್ತಾಳೆ. ಸಂತೆಕಟ್ಟೆಯಲ್ಲಿ ಇಪ್ಪತ್ತು ವರ್ಷ "ಓಕ್ಸೊಸ್! ಸ್ಫೆಟ್ಟೋಸಿನ ಓಕ್ಸೊಸ್! ಕಣ್ಣಲ್ಲಿ ನೀರು ಬರದಿದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಕೂಗಿದ ಮೇಲೂ ಲಿಸಿಲ್ಲ ಆ ಕಥೆಯನ್ನು ನಂಬಿದ್ದಳು.

ಸೊಂಟದ ಚೀಲದಿಂದ ಅಂಗೈಯಗಲದ ಮಣ್ಣಿನ ಬಟ್ಟಲು ತೆಗೆದಳು. ತೀರಿಹೋದ ಗಂಡ ಕುಂಬಾರ. ಫನೊ ಹುಟ್ಟಿದ ವರ್ಷ ಓಕ್ಸೊಸ್ ಬಡಿಸುವ ಇಂಥ ಏಳು ಬಟ್ಟಲು ಮಾಡಿ, ಒಂದೊಂದರ ಅಡಿಯಲ್ಲೂ ಒಂದೊಂದು ಮಿಡತೆ ಬರೆದಿದ್ದ. ಒಂದು ಸದಾ ಅವಳ ಸೊಂಟದಲ್ಲಿ. ಉಳಿದ ಆರು ಮಗಳ ಮದುವೆಯ ಪೆಟ್ಟಿಗೆಯಲ್ಲಿ, ಉಣ್ಣೆಯ ನಡುವೆ ಬೆಚ್ಚಗೆ.

ಜಾಡಿಯಿಂದ ಮೊಗೆದದ್ದನ್ನು ಸೋಸುಬಟ್ಟೆ ಹಿಡಿದು ಬಟ್ಟಲಿಗೆ ಒಂದಿಷ್ಟು ಬಗ್ಗಿಸಿದಳು. ಒಂದು ಹನಿ ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದಳು. ಆಮೇಲೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದಳು, ಉಗುರಿನ ತುದಿಯಿಂದ ಏನನ್ನೋ ಕಿತ್ತು ಮುಷ್ಟಿಯೊಳಗೆ ಇಟ್ಟುಕೊಂಡಳು.

"ಏನದು?" ಕೇಳಿದ ಹೆಗೆಮೋನನ ಭಾವಮೈದ ತಿಮಾಸಿಯೋನ್. ದುಂಡು ಮುಖ, ದುಂಡು ಹೊಟ್ಟೆ. ಊರಿಗೆಲ್ಲ ಆಲಿವ್ ಉಪ್ಪಿನಕಾಯಿ ಹಾಕಿ ಮಾರುವವನು.

"ಏನಿಲ್ಲ ತಮ್ಮ. ಕಸ." ಲಿಸಿಲ್ಲ ಎದ್ದು ಸೊಂಟ ನೀವಿಕೊಂಡಳು. "ಒಂದು ಉದ್ದನೆ ಕೋಲು ಕೊಡ್ರಪ್ಪ ಯಾರಾದ್ರೂ."

ಕೋಲು ತಂದುಕೊಟ್ಟವನು ಫಿಲಾಗ್ರೋಸ, ಹೆಗೆಮೋನನ ಮಗ, ಮದುಮಗ. ಕೊಡುವಾಗ ಕಿವಿಯವರೆಗೆ ಕೆಂಪಾಗಿದ್ದ. ಅತ್ತೆಯಾಗುವವಳ ಕಣ್ಣು ತಪ್ಪಿಸುವುದು ಅಳಿಯಂದಿರಿಗೆ ಸಹಜವೇ ಎಂದುಕೊಂಡು ಲಿಸಿಲ್ಲ ಕೋಲನ್ನು ಜಾಡಿಯ ತಳದವರೆಗೆ ಇಳಿಸಿ, ಗರಗರ ತಿರುಗಿಸಿ ಮೇಲೆತ್ತಿದಳು.

"ಏನಿದೆ ಇದರ ತುದೀಲಿ?"

"ಏನೂ ಇಲ್ಲ," ಎಂದ ಜಾಡಿ ಮಾಡಿಕೊಟ್ಟ ಕುಂಬಾರ ದ್ರಾಕೆಸ್.

"ಅದೇ ನಾನೂ ಕೇಳ್ತಿರೋದು. ಯಾಕಿಲ್ಲ? ತುಳಿದ ರಸ ತಿಂಗಳುಗಟ್ಟಲೆ ಕೂತಿದೆ, ಗಸಿ ಎಲ್ಲಿ? ಮೇಲಾದ್ರೂ ನೋಡಿ. ಹಾಲು ಮೊಸರಾಗೋಕೆ ಹೆಪ್ಪು ಬೇಕು ತಾನೆ? ರಸ ಓಕ್ಸೊಸ್ ಆಗೋಕೂ ಒಂದು ಹೆಪ್ಪಿದೆ. ತಾನಾಗಿ ಹುಳಿತಿದ್ರೆ ಮೇಲೆ ಕೆನೆ ಹಾಗೆ ದಪ್ಪ ಪೊರೆ ಕಟ್ಟಿರಬೇಕಿತ್ತು, ಬೆರಳು ಹಾಕಿದ್ರೆ ಸುತ್ತಿಕೊಳ್ಳೋ ಅಂಥದ್ದು. ಎಲ್ಲಿದೆ?"

ಮುದುಕರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಪೊರೆ ಇರಲಿಲ್ಲ.

"ಅಂದ್ರೆ ಈ ಜಾಡೀಲಿ ರಸ ಹುಳಿಯಾಗಿಲ್ಲ. ನಿಮ್ಮ ರಸ ಎಲ್ಲೋ ಹೋಗಿದೆ. ಯಾರೋ ಜಾಡಿ ತೊಳೆದು, ಬೇರೆ ಕಡೆಯ ಓಕ್ಸೊಸ್ ತಂದು ತುಂಬಿಸಿದ್ದಾರೆ. ನನ್ನ ನೆರಳು ಬಿದ್ದರೆ ಹುಳಿ ಹತ್ತುತ್ತೆ ಅಂತಿದ್ರಲ್ಲ ಬೀಗರೇ, ನೆರಳು ಜಾಡಿ ಕೂಡ ತೊಳೆಯುತ್ತಾ?"

ನಗು ಎದ್ದಿತು. ಹೆಗೆಮೋನ್ ಗಡ್ಡ ಕೆರೆದುಕೊಂಡ.

"ತುಂಬಿಸಿದ್ದು ನಿಮ್ಮದೇ ಓಕ್ಸೊಸ್ ಯಾಕಿರಬಾರದು?"

"ನಂದು ಸ್ಫೆಟ್ಟೋಸಿಂದು, ಕಣ್ಣಿಗೆ ಹೊಡೆಯುತ್ತೆ. ಇದು ಗಂಟಲಿಗೆ ಹೊಡೆಯೋದು, ಡೆಕೆಲಿಯಾ ಕಡೆಯದ್ದು. ಕುಡಿದು ನೋಡಿ."

ಹೆಗೆಮೋನ್ ಕುಡಿದ. ಕೆಮ್ಮಿದ. ಕಣ್ಣಿನಲ್ಲಿ ಒಂದು ಹನಿಯೂ ಇಲ್ಲ, ಗಂಟಲು ಮಾತ್ರ ಕೂಗಿತು. ಮಕ್ಕಳಿಗೆ ಅದೊಂದು ಆಟವಾಗಿ ತಾವೂ ಕೆಮ್ಮತೊಡಗಿದರು.

"ಇರಬಹುದು," ಎಂದ, ಉಸಿರು ಸಿಕ್ಕ ಮೇಲೆ. "ಆದ್ರೆ ಮುಚ್ಚಳದ ಮೇಲಿನ ಮಣ್ಣಿನ ಮುದ್ರೆ? ಬೆಳಗ್ಗೆ ಎಲ್ಲರ ಎದುರಿಗೆ ನಾನೇ ಒಡೆದೆ. ನನ್ನ ಉಂಗುರದ ಗುರುತು, ಹೋರಿ, ಅದರ ಬಾಲದ ಕುಚ್ಚು ಸಮೇತ ಇತ್ತು. ಈ ಉಂಗುರ ನನ್ನ ಬೆರಳು ಬಿಟ್ಟು ಹೋಗಲ್ಲ. ಮಲಗುವಾಗಲೂ ಇಲ್ಲ, ಸ್ನಾನದಲ್ಲೂ ಇಲ್ಲ."

"ಎಂದೂ ಇಲ್ಲ?"

"ಎಂದೂ."

"ದೇವರಾಣೆ?"

"ಇದೇ ದೇವರ ಜಾಡಿಯ ಆಣೆ!"

ಲಿಸಿಲ್ಲ ತಲೆದೂಗಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಮೈಗೆ ಹತ್ತಿದ ಅಭ್ಯಾಸ ಮನಸ್ಸಿಗೆ ಕಾಣುವುದಿಲ್ಲ. ಅವಳ ಗಂಡ ತಿಗರಿ ಮುಂದೆ ಕೂತ ಕೂಡಲೆ ನಾಲಿಗೆ ಹೊರಹಾಕುತ್ತಿದ್ದ, ಹೇಳಿದರೆ ಸಾಯುವವರೆಗೂ ಒಪ್ಪಲಿಲ್ಲ.

ಬಿಸಿಲು ಬಾವಿಕಟ್ಟೆಗೆ ಎರಡು ಮೊಳವಿತ್ತು.

"ಸರಿ ಬಿಡಿ," ಎಂದಳು ಗಟ್ಟಿಯಾಗಿ. "ಮದುವೆ ಹೇಗೂ ಮುರಿಯೋ ಹಾಗಿದೆ. ಮುರಿಯೋಕೆ ಮುಂಚೆ ಬೀಗರ ಕೈಚಳಕ ಒಂದ್ಸಲ ನೋಡಿಬಿಡೋಣ ಅಂತ. ಗುರಿ ಎಸೆಯೋದ್ರಲ್ಲಿ ಈ ಕೇರೀಲೇ ನಿಮ್ಮನ್ನ ಬಿಟ್ರೆ ಇನ್ನೊಬ್ರಿಲ್ಲ ಅಂತಾರೆ. ಹೆಂಗಸರು ನಾವು, ಗಂಡಸರ ಪಾನದ ಕೋಣೆಯೊಳಗೆ ನೋಡೋಕಾಗುತ್ತಾ?"

"ಈಗಲಾ? ಈ ಹೊತ್ತಿನಲ್ಲಾ?"

"ಕೈ ನಡುಗುತ್ತೆ ಅಂದ್ರೆ ಬೇಡ."

ಅಷ್ಟು ಸಾಕಾಗಿತ್ತು. "ನೀರಿನ ಬಾನಿ ತನ್ನಿ!" ಎಂದು ಹೆಗೆಮೋನ್ ಗುಡುಗಿದ. ಜನ ಹೋ ಎಂದು ಕೂಗಿ ಜಾಗ ಬಿಟ್ಟರು. ಅಗಲ ಬಾಯಿಯ ಬಾನಿ ಬಂತು, ನೀರು ಬಂತು. ನೀರಿನ ಮೇಲೆ ಹೆಗೆಮೋನನ ಅಡುಗೆಮನೆಯ ಐದು ಪುಟ್ಟ ಓಕ್ಸೊಸ್ ಬಟ್ಟಲುಗಳು ದೋಣಿಗಳಂತೆ ತೇಲಿದವು. ದೂರದಿಂದ ಲೋಟದ ಕೊನೆಯ ಗುಟುಕನ್ನು ಚಿಮ್ಮಿ ಅವುಗಳನ್ನು ಮುಳುಗಿಸಬೇಕು, ಅದೇ ಆಟ.

"ಚಿಮ್ಮೋಕೆ ರಸವೇ ಇಲ್ವಲ್ಲ," ಎಂದ ದ್ರಾಕೆಸ್.

"ಇದನ್ನೇ ಚಿಮ್ಮಲಿ." ಲಿಸಿಲ್ಲ ಹೆಗೆಮೋನನ ಲೋಟಕ್ಕೆ ಓಕ್ಸೊಸ್ ಬಗ್ಗಿಸಿದಳು. "ಬಟ್ಟಲಿಗೂ ಇದೇ ಅಭ್ಯಾಸ."

ಮನೆಯ ಗಂಡಸರೂ ಪಾನದ ಗೆಳೆಯ ದ್ರಾಕೆಸನೂ ರೂಢಿಯಂತೆ ತಂತಮ್ಮ ಜಾಗದಲ್ಲಿ ಕೂತರು. ಪಾನದ ಕೋಣೆಯಲ್ಲಿ ಒರಗು ಮಂಚಗಳ ಮೇಲೆ ಕೂರುವ ಅದೇ ಸಾಲು, ಅಂಗಳದಲ್ಲೂ ತಪ್ಪಲಿಲ್ಲ. ಬಲಕ್ಕೆ ದ್ರಾಕೆಸ್. ನಡುವೆ ಹೆಗೆಮೋನ್. ಎಡಕ್ಕೆ ತಿಮಾಸಿಯೋನ್. ತುದಿಯಲ್ಲಿ ಫಿಲಾಗ್ರೋಸ.

ಹೆಗೆಮೋನ್ ಲೋಟದ ಕಿವಿಗೆ ತೋರುಬೆರಳು ಸಿಕ್ಕಿಸಿದ. ಕಣ್ಣು ಬಟ್ಟಲಿನ ಮೇಲೆ ನೆಟ್ಟಿತು. ಉಸಿರು ಹಿಡಿದ. ಆಗ, ಬಟ್ಟಲಿನಿಂದ ಕಣ್ಣು ಕೀಳದೆಯೇ, ಅವನ ಎಡಗೈ ತಾನಾಗಿ ಬಂದು ಬಲಗೈಯ ಉಂಗುರವನ್ನು ಕಳಚಿತು. ಎಡಕ್ಕೆ ಚಾಚಿತು.

ತಿಮಾಸಿಯೋನ್ ಕೂಡ ಬಟ್ಟಲನ್ನೇ ನೋಡುತ್ತಿದ್ದ. ಅವನ ಕೈಯೂ ತಾನಾಗಿ ಬಂತು. ಉಂಗುರ ತೆಗೆದುಕೊಂಡು ಕಿರುಬೆರಳಿಗೆ ಏರಿಸಿತು.

ಫಳ್! ಓಕ್ಸೊಸ್ ಗಾಳಿಯಲ್ಲಿ ಬಿಲ್ಲಿನಂತೆ ಬಾಗಿ ಬಂದು ನಡುವಿನ ಬಟ್ಟಲಿಗೆ ಬಿತ್ತು. ಬಟ್ಟಲು ಒಮ್ಮೆ ಓಲಾಡಿ ಮುಳುಗಿತು.

"ನೋಡಿದ್ರಾ!" ಹೆಗೆಮೋನ್ ಎರಡೂ ಕೈ ಮೇಲೆತ್ತಿದ. "ನಡುಗುತ್ತಂತೆ ಕೈ!"

"ಕೈ ಚೆನ್ನಾಗಿದೆ ಬೀಗರೇ. ಉಂಗುರ ಎಲ್ಲಿ?"

"ಉಂಗುರ ಇಲ್ಲೇ..." ಅವನು ಬೆರಳು ನೋಡಿಕೊಂಡ. ಬೆರಳು ಬೋಳಾಗಿತ್ತು. ಇನ್ನೊಂದು ಕೈ ನೋಡಿಕೊಂಡ. ನೆಲ ನೋಡಿದ. ಅಂಗಳದ ನಗು ಒಂದು ಮೂಲೆಯಿಂದ ಶುರುವಾಗಿ ಗೋಡೆಯವರೆಗೆ ಉರುಳಿತು, ಯಾಕೆಂದರೆ ಅಷ್ಟರಲ್ಲಿ ಎಲ್ಲರ ಕಣ್ಣೂ ತಿಮಾಸಿಯೋನನ ಕಿರುಬೆರಳಿನ ಮೇಲಿತ್ತು. ಹೋರಿ ಅಲ್ಲಿ ಬಾಲವೆತ್ತಿ ನಿಂತಿತ್ತು.

ತಿಮಾಸಿಯೋನ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ಭಾವ, ಇದು... ನೀವೇ ಕೊಟ್ರಿ..."

"ನಾನೆಲ್ಲಿ ಕೊಟ್ಟೆ?"

"ಪ್ರತಿ ಸಲ ಕೊಡ್ತೀರ! ಚಿಮ್ಮುವಾಗ ಹಾರಿಹೋಗುತ್ತೆ ಅಂತ. ಹತ್ತು ವರ್ಷದಿಂದ ಕೊಡ್ತಾ ಇದೀರ!"

"ಆಮೇಲೆ ಕುಡಿದು ಅಲ್ಲೇ ಮಲಗ್ತೀರ," ಲಿಸಿಲ್ಲ ಮುಂದುವರಿಸಿದಳು. "ಬೆಳಗ್ಗೆ ಏಳುವಾಗ ಉಂಗುರ ಬೆರಳಿಗೆ ವಾಪಸ್ ಬಂದಿರುತ್ತೆ. ಎಂದೂ ಬಿಟ್ಟು ಹೋಗದ ಉಂಗುರ. ಚಿಮ್ಮೋರು ಉಂಗುರ ಕಳಚೋದು ಸಂತೆಗೆಲ್ಲ ಗೊತ್ತು." ಮುಷ್ಟಿ ಬಿಚ್ಚಿ ಅಂಗೈ ಚಾಚಿದಳು. ಹಸಿರು ಬಣ್ಣದ ಒಂದೇ ಒಂದು ಕಾಳು. "ಸೋಂಪು. ಸೋಸುಬಟ್ಟೆಗೆ ಸಿಕ್ಕಿದ್ದು. ಹೇಳು ತಮ್ಮ, ಡೆಕೆಲಿಯಾದ ಓಕ್ಸೊಸಿಗೆ ಸೋಂಪು ಹಾಕಿ ಆಲಿವ್ ನೆನೆಸೋದು ಈ ಊರಲ್ಲಿ ಯಾರು?"

ಉತ್ತರ ತಿಮಾಸಿಯೋನನ ಅಂಗಿಯಿಂದಲೇ ಘಮಘಮ ಬರುತ್ತಿತ್ತು.

ಹೆಗೆಮೋನ್ ಸುತ್ತಿಗೆ ಹುಡುಕತೊಡಗಿದ. ಮುದ್ರೆ ಒಡೆಯುವ ಸುತ್ತಿಗೆ. ಈಗ ಒಡೆಯಬೇಕೆಂದಿದ್ದದ್ದು ಬೇರೆ. ದ್ರಾಕೆಸ್ ಮೊದಲೇ ಅದರ ಮೇಲೆ ಕೂತು ಬಚ್ಚಿಟ್ಟಿದ್ದ.

"ಇರಿ ಬೀಗರೇ. ಹಬ್ಬದ ದಿನ ಭಾವಮೈದನ ತಲೆ ಒಡೆದ್ರೆ ದೇವರಿಗೆ ಅದನ್ನೂ ತೋರಿಸಬೇಕಾಗುತ್ತೆ. ಸ್ವಲ್ಪ ಹೊತ್ತು ನನಗೆ ಬಿಡಿ ಇವನನ್ನ."

ಅವನ ತೋಳು ಹಿಡಿದು ಅಂಜೂರದ ಮರದ ಹಿಂದಕ್ಕೆ ಕರೆದೊಯ್ದಳು. ಜನ ಕಿವಿ ಚಾಚಿದರು. ಅವಳು ಕಣ್ಣು ದೊಡ್ಡದು ಮಾಡಿದ ಮೇಲೆ ಎಳೆದುಕೊಂಡರು.

"ಯಾಕೋ?"

"ಲಿಸಿಲ್ಲಕ್ಕ, ನನ್ನಾಣೆ..."

"ನಿನ್ನಾಣೆ ನಿನ್ನ ಹತ್ರನೇ ಇಟ್ಕೋ. ನನ್ನ ಮಗಳ ಮದುವೆ ಮುರಿಯೋದ್ರಲ್ಲಿತ್ತು. ಎಷ್ಟು ಕುಡಿದೆ ಹೇಳು."

"ಒಂದು ಹನಿ ಇಲ್ಲಕ್ಕ! ಅದೇ ದುಃಖ!" ಅವನ ಕೆನ್ನೆ ನಡುಗಿತು. ನಗುವೋ ಅಳುವೋ ತಿಳಿಯಲಿಲ್ಲ. "ಹಬ್ಬಕ್ಕೆ ಎಂಟು ದಿನ ಮುಂಚೆ ಪ್ರತಿ ವರ್ಷ ಒಂದೇ ಒಂದು ಲೋಟ ಬಗ್ಗಿಸ್ಕೋತೀನಿ. ದೇವರಿಗಿಂತ ಮುಂಚೆ ರುಚಿ ನೋಡೋದು ಅಂದ್ರೆ ಏನು ಗೊತ್ತಾ ಅಕ್ಕ? ಮೈಯೆಲ್ಲ ಜುಮ್ ಅನ್ನುತ್ತೆ. ಹತ್ತು ವರ್ಷದಲ್ಲಿ ದೇವರೂ ಏನೂ ಅಂದಿಲ್ಲ. ಈ ವರ್ಷವೂ ಭಾವ ಉಂಗುರ ಕೊಟ್ರು, ಮಲಗಿದ್ರು. ನಾನು ಮುದ್ರೆ ಒಡೆದೆ. ಮುದ್ರೆ ಸರಿಯಾಗೇ ಇತ್ತು, ಒಂದು ಬಿರುಕಿಲ್ಲ. ಮುಚ್ಚಳ ತೆಗೆದೆ. ಲೋಟ ಇಳಿಸಿದೆ. ಟಣ್ ಅಂತು."

"ಟಣ್?"

"ತಳಕ್ಕೆ ಬಡೀತು. ಜಾಡಿ ಖಾಲಿ! ತೊಳೆದು ಇಟ್ಟ ಹಾಗೆ ಒಣಗಿಕೊಂಡು ಕೂತಿತ್ತು."

ಲಿಸಿಲ್ಲಳ ಕೈ ಅವನ ತೋಳಿನ ಮೇಲೆ ಸಡಿಲವಾಯಿತು.

"ಈಗ ನೀನೇ ಹೇಳಕ್ಕ. ಹಬ್ಬದ ದಿನ ಎಲ್ಲರ ಎದುರಿಗೆ ಖಾಲಿ ಜಾಡಿ ತೆರೆದ್ರೆ ಮೊದಲು ಯಾರ ಹೊಟ್ಟೆ ನೋಡ್ತಾರೆ? ಈ ಹೊಟ್ಟೆ! ಅದಕ್ಕೇ ನನ್ನ ಅಂಗಡಿಯ ನಾಲ್ಕು ಕೊಡ ಓಕ್ಸೊಸ್ ತಂದು ಸುರಿದು, ಮುಚ್ಚಿ, ಮುದ್ರೆ ಒತ್ತಿಬಿಟ್ಟೆ. ರಸ ಹುಳಿತು ಅಂದುಕೋತಾರೆ, ಹುಳಿತದ್ದಕ್ಕೆ ಯಾರು ಏನು ಮಾಡೋಕಾಗುತ್ತೆ ಅಂತ. ನಿನ್ನ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ. ಹೊಳೆದಿದ್ರೆ ಜೇನುತುಪ್ಪವೇ ಸುರೀತಿದ್ದೆ."

ಜೇನುತುಪ್ಪ ಎಂದಾಗ ಲಿಸಿಲ್ಲಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ನೋಡಿ ಅವನೂ ನಕ್ಕ. ಕಣ್ಣೊರೆಸಿಕೊಂಡ. ಸುಳ್ಳಿರಲಿಲ್ಲ. ಓಕ್ಸೊಸಿನ ವಾಸನೆ ಮೈಗೆ ಮೆತ್ತಿಕೊಂಡವನಿಗೆ ಸುಳ್ಳು ಹೇಳಲು ಬರುವುದಿಲ್ಲವೇನೋ ಎಂದುಕೊಂಡಳು.

ಆದರೆ ಮುದ್ರೆ ಒಡೆಯದೆ ಬತ್ತಿದ ಜಾಡಿ! ತಿಮಾಸಿಯೋನನಿಗಿಂತ ಮುಂಚೆ ಇನ್ನೊಬ್ಬರು ಈ ಉಂಗುರ ಹಿಡಿದಿದ್ದರು. ಕದ್ದ ಮೇಲೆ ಜಾಡಿಯನ್ನು ತಿಕ್ಕಿ ತೊಳೆದಿದ್ದರು. ಯಾವ ಕಳ್ಳ ತೊಳೆದಿಟ್ಟು ಹೋಗುತ್ತಾನೆ? ಅಡುಗೆಮನೆಯಲ್ಲಿ ಬೆಳೆದ, ಅಚ್ಚುಕಟ್ಟಾದ ಕೈ ಅದು.

"ಪೂರ್ತಿ ಖಾಲಿಯಾ? ಒಳಗೆ ಏನೂ ಇರಲಿಲ್ವಾ?"

"ಇತ್ತು." ತಿಮಾಸಿಯೋನ್ ಅಂಗಿಯ ಮಡಿಕೆಯೊಳಗೆ ತಡಕಾಡಿದ. "ಲೋಟ ಟಣ್ ಅಂದಿದ್ದು ಇದಕ್ಕೆ ತಾಗಿ. ತಳದಲ್ಲಿ ಮಗುಚಿ ಇಟ್ಟಿದ್ರು. ಬಿದ್ದದ್ದಲ್ಲ ಅಕ್ಕ, ಬೇಕು ಅಂತಲೇ ಇಟ್ಟ ಹಾಗಿತ್ತು. ಯಾರದೋ ಗುರುತು ಸಿಗಲಿ ಅಂತ ಇಟ್ಕೊಂಡಿದ್ದೆ."

ಅವಳ ಅಂಗೈಗೆ ಒಂದು ಬಟ್ಟಲು ಇಟ್ಟ.

ಓಕ್ಸೊಸ್ ಬಟ್ಟಲು. ಅಂಗೈಯಗಲದ್ದು. ಲಿಸಿಲ್ಲ ಅದನ್ನು ಮಗುಚುವ ಮೊದಲೇ ಬೆರಳಿಗೆ ಗೊತ್ತಾಗಿತ್ತು. ಗಂಡನ ಹೆಬ್ಬೆರಳು ಒತ್ತಿದ ಸಣ್ಣ ತಗ್ಗು ಅಂಚಿನಲ್ಲಿ ಎಲ್ಲಿರುತ್ತದೆಂದು ಇಪ್ಪತ್ತು ವರ್ಷದಿಂದ ಬಲ್ಲ ಬೆರಳು. ಆದರೂ ಮಗುಚಿದಳು.

ಅಡಿಯಲ್ಲಿ ಮಿಡತೆ.

ಸೊಂಟದ ಚೀಲ ಮುಟ್ಟಿಕೊಂಡಳು. ಅವಳದು ಅಲ್ಲೇ ಇತ್ತು.

ಅಂಗಳದಲ್ಲಿ ಹೆಗೆಮೋನನ ದನಿ ಕೇಳುತ್ತಿತ್ತು. ಈಗ ಅದರಲ್ಲಿ ಸಿಟ್ಟಿರಲಿಲ್ಲ, ಹಬ್ಬವಿತ್ತು. "ಬೀಗಿತ್ತಿ ಗೆದ್ರು! ಮದುವೆ ಗಟ್ಟಿ! ತಿಮಾಸಿಯೋನನ ಲೆಕ್ಕ ಆಮೇಲೆ. ಎರಡನೇ ಜಾಡಿ ತೆರೆದು ದೇವರ ಹೂಜಿ ತುಂಬಿಸೋಣ. ಬಿಸಿಲು ಬಾವಿಕಟ್ಟೆಗೆ ಬಂತು, ಎಲ್ರೂ ಬನ್ನಿ!" ಕೊಳಲು ಜೋರಾಯಿತು. ಮಕ್ಕಳು ಕಿರೀಟ ಹಿಡಿದುಕೊಂಡು ಓಡಿದರು. ದ್ರಾಕೆಸ್ ಬಚ್ಚಿಟ್ಟಿದ್ದ ಸುತ್ತಿಗೆಯನ್ನು ತಂದುಕೊಟ್ಟ.

ಲಿಸಿಲ್ಲ ಅಂಜೂರದ ಮರದ ಹಿಂದಿನಿಂದ ಹೊರಬಂದಳು. ಮೊದಲು ಕಂಡದ್ದು ಫಿಲಾಗ್ರೋಸ. ಇಷ್ಟು ಹೊತ್ತು ಕೆಂಪಾಗಿದ್ದ ಅವನ ಮುಖ ಈಗ ಸುಣ್ಣದಂತೆ ಬೆಳ್ಳಗಾಗಿತ್ತು. ಎಡಸಾಲಿನ ತುದಿಯಲ್ಲಿ, ತಿಮಾಸಿಯೋನನ ಪಕ್ಕದಲ್ಲೇ, ಆ ಕಿರುಬೆರಳಿಗೆ ಕೈ ಎಟುಕುವಷ್ಟು ಹತ್ತಿರ ಕೂರುವವನು ಅವನು ಎಂಬುದು ಅವಳಿಗೆ ಆಗ ನೆನಪಾಯಿತು.

ಅವನ ಭುಜದಾಚೆ ಫನೊ ನಿಂತಿದ್ದಳು, ಮಡಿಲ ತುಂಬ ಬಿಡಿ ಹೂ.

ಮಗಳ ಕಣ್ಣು ತಾಯಿಯ ಮುಖದಿಂದ ತಾಯಿಯ ಕೈಗೆ ಇಳಿಯಿತು. ಮಿಡತೆಯ ಬಟ್ಟಲನ್ನು ಕಂಡಿತು. ಹೆದರುತ್ತಾಳೆ ಎಂದುಕೊಂಡಳು ಲಿಸಿಲ್ಲ. ಅಳುತ್ತಾಳೆ, ಓಡಿಬರುತ್ತಾಳೆ ಎಂದುಕೊಂಡಳು.

ಫನೊ ನಕ್ಕಳು. ಚಿಕ್ಕವಳಿದ್ದಾಗ ಬೆಕ್ಕಿನ ಮರಿಯನ್ನು ಹಾಸಿಗೆಯೊಳಗೆ ಬಚ್ಚಿಟ್ಟುಕೊಂಡಾಗ ನಗುತ್ತಿದ್ದಳಲ್ಲ, ಅದೇ ನಗು. ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳಿನಿಂದ ಎರಡನೆಯ ಜಾಡಿಯನ್ನು ತೋರಿಸಿ, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಪೆಟ್ಟಿಗೆಯ ಉಣ್ಣೆಯ ನಡುವೆ ಉಳಿದಿರುವ ಬಟ್ಟಲು ಐದಲ್ಲ, ನಾಲ್ಕು, ಆ ಜಾಡಿಯೂ ಖಾಲಿ ಎಂದು ಲಿಸಿಲ್ಲಳಿಗೆ ಹೊಳೆಯಿತು.

ಹೆಗೆಮೋನ್ ಅಷ್ಟರಲ್ಲಿ ಸುತ್ತಿಗೆ ಎತ್ತಿಯಾಗಿತ್ತು.